ಬಸ್ತಿಹಳ್ಳಿಯ ಸೂರ್ಯ, ನಾರ್ವೆಯ ದಾರಿ

ಅವರ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಮೂವತ್ತಮೂರು ವರ್ಷ ಸೀಮೆಸುಣ್ಣ ಒತ್ತಿ ಒತ್ತಿ, ಉಗುರಿನ ಪಕ್ಕದ ಮಾಂಸ ತಗ್ಗಿ, ಅಲ್ಲೊಂದು ಸಣ್ಣ ಬಿಳಿ ಗುಳಿ ಬಿದ್ದಿತ್ತು. ತೊಳೆದರೂ ಹೋಗದ ಬಿಳುಪು. ಆ ಬೆರಳಲ್ಲಿ ಸೀಮೆಸುಣ್ಣ ಹಿಡಿದು, ಕಣ್ಣನ್ನು ನಮ್ಮ ಮೇಲೇ ಇಟ್ಟು, ಬೋರ್ಡಿನ ಕಡೆ ತಿರುಗದೆ, ಗುಜರಾತಿನ ಮೂಗಿನಿಂದ ಶುರುಮಾಡಿ ಕೈ ಎತ್ತದೆ ಇಡೀ ಇಂಡಿಯಾ ಬರೆದುಬಿಡುತ್ತಿದ್ದರು. ಶ್ರೀಲಂಕಾಕ್ಕೆ ಮಾತ್ರ ಕೈ ಎತ್ತುತ್ತಿದ್ದರು. "ನಡುವೆ ನೀರಿದೆ, ಎತ್ತಲೇಬೇಕು" ಅನ್ನುತ್ತಿದ್ದರು.

ನಮ್ಮ ಹೈಸ್ಕೂಲಿನ ಭೂಗೋಳದ ಮಿಸ್ ಅವರು. ಟೈಮ್‌ಟೇಬಲ್ಲಿನಲ್ಲಿ ಸಮಾಜ ವಿಜ್ಞಾನ ಅಂತ ಇರುತ್ತಿತ್ತು, ಇತಿಹಾಸವೂ ಅವರದೇ. ಆದರೆ ಇತಿಹಾಸವನ್ನು ಬಸ್ಸಿಗೆ ಹೊತ್ತಾದವರ ಹಾಗೆ ಮುಗಿಸುತ್ತಿದ್ದರು. ಹಳೇಬೀಡಿನ ಮಕ್ಕಳಿಗೆ ಹೊಯ್ಸಳರ ಪಾಠ ಅರ್ಧ ಪೀರಿಯಡ್ಡು. "ಅಲ್ಲೇ ನಿಂತಿದೆಯಲ್ಲ, ಸಾಯಂಕಾಲ ಹೋಗಿ ನೋಡ್ಕೊಳ್ಳಿ." ಭೂಗೋಳಕ್ಕೆ ಬಂದರೆ ಮಾತ್ರ ದನಿ ಇಳಿಯುತ್ತಿತ್ತು, ಮನೆಯೊಳಗಿನ ವಿಷಯ ಹೇಳುವವರ ಹಾಗೆ. ಸಹರಾದಲ್ಲಿ ಮರಳು ಹೇಗೆ ಹಾಡುತ್ತೆ, ಸೈಬೀರಿಯಾದಲ್ಲಿ ಹಾಲು ಹೇಗೆ ಗಡ್ಡೆ ಕಟ್ಟುತ್ತೆ ಅನ್ನುವುದೆಲ್ಲ ಅವರ ಚಿಕ್ಕಮ್ಮನ ಮನೆಯ ಸಮಾಚಾರ.

ಇಷ್ಟು ಭೂಮಿ ಗೊತ್ತಿದ್ದವರು ನಡೆಯುವಾಗ ತಲೆ ಎತ್ತುತ್ತಲೇ ಇರಲಿಲ್ಲ. ಬಸ್ತಿಹಳ್ಳಿಯ ಜೈನರ ಮನೆಯವರು. ಕಾಲ ಕೆಳಗೆ ಇರುವೆ ಸಿಕ್ಕೀತು ಅಂತ ನಾಲ್ಕು ಮೊಳ ಮುಂದಿನ ನೆಲ ನೋಡಿಕೊಂಡೇ ಹೆಜ್ಜೆ. ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿ ಸೋಸಿದ ನೀರು. ಸೂರ್ಯ ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗಿಲ್ಲ. ಸ್ಕೂಲ್ ಡೇ ದಿನ ನಾವೆಲ್ಲ ಸಾಯಂಕಾಲ ಕೇಸರಿಬಾತು ಬಾರಿಸುವಾಗ ಅವರು ಪಶ್ಚಿಮದ ಕಡೆ ನೋಡಿ, ಗಡಿಯಾರ ನೋಡಿ, ತಮ್ಮ ಪಾಲಿನ ದೊನ್ನೆಯನ್ನು ನನ್ನ ಕೈಗೆ ದಾಟಿಸುತ್ತಿದ್ದರು. ಆ ಧರ್ಮದ ಬಗ್ಗೆ ನನಗೆ ಗೌರವ ಹುಟ್ಟಿದ್ದೇ ಹಾಗೆ.

ನಾನು ಆಗಲೇ ಮಿಮಿಕ್ರಿ ಮಾಡುತ್ತಿದ್ದೆ. ಹೆಡ್ ಮಾಸ್ಟರರ ಕೆಮ್ಮು, ಪಿ.ಟಿ. ಮೇಷ್ಟರ ಸೀಟಿ, ಬೇಲೂರು ಬಸ್ಸು ಮೊದಲ ಗೇರಿಗೆ ಬೀಳುವಾಗಿನ ನರಳಾಟ, ಎಲ್ಲ ನನ್ನ ಗಂಟಲಲ್ಲಿತ್ತು. ಸ್ವಂತ ದನಿಯೊಂದೇ ಇರಲಿಲ್ಲ. ಅದು ಆಗ ಒಡೆದು ಅರ್ಧ ಕೋಳಿ ಅರ್ಧ ಕಪ್ಪೆಯಾಗಿತ್ತು. ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ, ಮಿಸ್ ಬರುವ ಮೊದಲು, ನೆಲ ನೋಡಿಕೊಂಡು ಒಳಗೆ ಬಂದು, "ಮಕ್ಕಳೇ... ಉತ್ತರ ದಿಕ್ಕು ಯಾವುದು ಅಂತ ಗೊತ್ತಿಲ್ಲದವನಿಗೆ ಊಟ ಎಲ್ಲಿ ಸಿಗುತ್ತೋ" ಅಂತ ಅವರ ದನಿಯಲ್ಲೇ ಅಂದೆ. ಕ್ಲಾಸು ನಗಲಿಲ್ಲ. ಬಾಗಿಲಲ್ಲಿ ಅವರಿದ್ದರು.

"ಮುಂದಕ್ಕೆ ಹೇಳು."

"ಏನು ಮಿಸ್?"

"ನನ್ನ ದನಿ ತಗೊಂಡೆಯಲ್ಲ, ಪಾಠ ಯಾರು ತಗೋತಾರೆ? ನಾಳೆ ಫಿಯೋರ್ಡ್ ಪಾಠ ನೀನು ಮಾಡು. ನನ್ನ ದನಿಯಲ್ಲೇ ಮಾಡು. ಚೆನ್ನಾಗಿದೆ."

ಜೀವನದಲ್ಲಿ ಮೊದಲ ಸಲ ಪಠ್ಯಪುಸ್ತಕ ಬಿಚ್ಚಿದೆ. ನಾರ್ವೆ ಅಂತೊಂದು ದೇಶ, ಅದರ ದಡದ ಉದ್ದಕ್ಕೂ ಹಳೆಯ ಕಾಲದ ಹಿಮ ಕೊರೆದ ಕಣಿವೆಗಳು, ಅವುಗಳೊಳಗೆ ಸಮುದ್ರ ಬೆಟ್ಟದ ಸಂದಿಯಲ್ಲಿ ಮೈಲಿಗಟ್ಟಲೆ ನುಗ್ಗಿ ಬಂದು ನಿಂತಿದೆ, ಅದೇ ಫಿಯೋರ್ಡ್. ಮಾರನೇ ದಿನ ನಲವತ್ತು ನಿಮಿಷ ಮಿಸ್ ದನಿಯಲ್ಲಿ ಹೇಳಿದೆ. ಅವರು ಕೊನೇ ಬೆಂಚಿನಲ್ಲಿ ನಮ್ಮ ಹುಡುಗಿಯರ ನಡುವೆ ಕೂತು ಕೈ ಎತ್ತಿದರು. "ಮಿಸ್, ಅಷ್ಟು ಚಳಿಯಲ್ಲಿ ಆ ನೀರು ಯಾಕೆ ಹೆಪ್ಪುಗಟ್ಟಲ್ಲ?"

ನನಗೆ ಗೊತ್ತಿರಲಿಲ್ಲ. "ಅದನ್ನ ನಾಳೆ ನೋಡೋಣ ಮಕ್ಕಳೇ" ಅಂದೆ. ಅವರು ಗೊತ್ತಿಲ್ಲದಾಗ ಅನ್ನುತ್ತಿದ್ದದ್ದೇ ಅದು. ಕ್ಲಾಸಿಗಿಂತ ಜೋರಾಗಿ ನಕ್ಕವರು ಅವರೇ.

ಎಸ್ಸೆಸ್ಸೆಲ್ಸಿ ನನ್ನನ್ನು ಎರಡನೇ ಪ್ರಯತ್ನದಲ್ಲಿ ಪಾಸು ಮಾಡಿತು. ಅಪ್ಪನದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ, ನನ್ನನ್ನೂ ಮಂಡಿಯಲ್ಲಿ ಕೂರಿಸಿದರು. ನಾನು ಬೇಜಾರಿಗೆ ಹರಾಜು ಕೂಗುವವರ ದನಿ ತೆಗೆದೆ. ಅದನ್ನೇ ನಿಜವಾದ ಕೂಗು ಅಂದುಕೊಂಡು ಮೂರು ಜನ ವರ್ತಕರು ಜಗಳಕ್ಕೆ ಬಿದ್ದರು. ಅಪ್ಪ ಕಾರಿನ ಕೀ ಕೈಗಿಟ್ಟು, "ನೀನು ರೋಡಲ್ಲೇ ಇರಪ್ಪ, ಮಂಡಿಗೆ ಬರಬೇಡ" ಅಂದರು. ಅವತ್ತಿಂದ ನಾನು ಟ್ಯಾಕ್ಸಿ. ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದವರನ್ನು ಹತ್ತಿಸಿಕೊಂಡು ಹಳೇಬೀಡು, ಬೇಲೂರು ತೋರಿಸಿ ವಾಪಸ್ ಬಿಡುವುದು. ಬಿಡುವಿದ್ದಾಗ ಮದುವೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ.

ಮಿಸ್ ರಿಟೈರ್ ಆದ ಮರುವರ್ಷ ಒಂದು ದಿನ ನಾರ್ವೆಯ ಗಂಡಹೆಂಡತಿ ನನ್ನ ಕಾರು ಹತ್ತಿದರು. ಹಳೇಬೀಡಿನ ಗುಡಿ ಮುಗಿಸಿ ಬಸ್ತಿಹಳ್ಳಿಯ ಬಸದಿಗೆ ಕರೆದುಕೊಂಡು ಹೋದೆ. ಅಲ್ಲಿನ ಕರಿಕಲ್ಲಿನ ಕಂಬಗಳು ಕನ್ನಡಿಯಂತೆ ನುಣುಪು. ಮುಖ ತೋರಿಸಿದರೆ ಪ್ರವಾಸಿಗಳು ಖುಷಿಪಡುತ್ತಾರೆ. ಒಳಗೆ ಮಿಸ್ ಕೂತಿದ್ದರು. ನಾನು ಸುಮ್ಮನಿರಲಾರದೆ, "ಮಿಸ್, ಇವರು ನಿಮ್ಮ ಚಿಕ್ಕಮ್ಮನ ಕಡೆಯವರು, ನಾರ್ವೆ" ಅಂದೆ.

ಆ ಮುಖದಲ್ಲಿ ಅಷ್ಟು ಬೆಳಕು ನಾನು ನೋಡಿರಲಿಲ್ಲ. ಪಠ್ಯಪುಸ್ತಕದ ಇಂಗ್ಲಿಷಿನಲ್ಲಿ ಅವರು ಕೇಳಿದ ಪ್ರಶ್ನೆಗಳಿಗೆ ಆ ಹೆಂಗಸು ಮೊದಲು ಬೆರಗಾದಳು, ಆಮೇಲೆ ಜಗಲಿಯ ಮೇಲೆ ಕೂತಳು, ಆಮೇಲೆ ಚೀಲದಿಂದ ತಮ್ಮ ದೇಶದ ರಸ್ತೆಯ ನಕ್ಷೆ ತೆಗೆದು ಹರಡಿದಳು. ಸಮುದ್ರಕ್ಕೆ ಅಂಟಿಕೊಂಡು ದಕ್ಷಿಣದಿಂದ ಉತ್ತರಕ್ಕೆ ಹೋಗುವ ದಾರಿ. ಅಲ್ಲಲ್ಲಿ ಕಾರನ್ನೇ ದೋಣಿಗೆ ಹತ್ತಿಸಬೇಕಂತೆ, ಕೆಲವು ಕಡೆ ರಸ್ತೆ ಸಮುದ್ರದ ತಳದ ಕೆಳಗೆ ಸುರಂಗದಲ್ಲಿ ಹೋಗುತ್ತದಂತೆ. ಬೇಸಿಗೆಯಲ್ಲಿ ಬನ್ನಿ, ಬಾಡಿಗೆಗೆ ಕಾರು ತಗೊಳ್ಳಿ, ನಿಧಾನವಾಗಿ ಹೋಗಿ ಅಂದಳು. ನಕ್ಷೆ ಮಡಿಚಿ ಮಿಸ್ ಕೈಗೇ ಕೊಟ್ಟುಬಿಟ್ಟಳು. ಆ ಗಂಡಹೆಂಡತಿಗೆ ಅವತ್ತು ಬೇಲೂರು ತೋರಿಸಲು ಹೊತ್ತೇ ಉಳಿಯಲಿಲ್ಲ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಆಗ ನನಗೆ ಗೊತ್ತಿರಲಿಲ್ಲ, ಆದರೆ ನಿಮ್ಮಿಂದ ಮುಚ್ಚಿಟ್ಟರೆ ಮೋಸವಾಗುತ್ತದೆ. ಮಿಸ್ ನಾರ್ವೆಗೆ ಹೋಗುವಂತಿರಲಿಲ್ಲ.

ಜೈನರಲ್ಲಿ ದಿಗ್ವ್ರತ ಅಂತ ಒಂದಿದೆ. ಎಂಟು ದಿಕ್ಕು, ಮೇಲೆ, ಕೆಳಗೆ, ಹೀಗೆ ಹತ್ತೂ ಕಡೆಗೆ ಇಷ್ಟು ದೂರ ಮಾತ್ರ ಹೋಗುತ್ತೇನೆ, ಜೀವ ಇರುವವರೆಗೆ ಅದರಾಚೆ ಕಾಲಿಡುವುದಿಲ್ಲ ಅಂತ ತಮಗೆ ತಾವೇ ಗೆರೆ ಹಾಕಿಕೊಳ್ಳುವುದು. ಆಸೆಗೆ ಹಾಕುವ ಬೇಲಿ. ಎಲ್ಲರೂ ತಗೊಳ್ಳುವುದಿಲ್ಲ. ಮಿಸ್‌ಗೆ ಇಪ್ಪತ್ತೇಳು ವರ್ಷವಾಗಿದ್ದಾಗ ಮುನಿಗಳೊಬ್ಬರು ಮಳೆಗಾಲದ ನಾಲ್ಕು ತಿಂಗಳು ಬಸ್ತಿಹಳ್ಳಿಯಲ್ಲಿ ನಿಂತಿದ್ದರು. ಸಾಲಾಗಿ ಕೂತ ಶ್ರಾವಕರು ಒಬ್ಬೊಬ್ಬರೇ ತಮ್ಮ ಗೆರೆ ಹೇಳುತ್ತಿದ್ದರು. ಒಬ್ಬರು ಧರ್ಮಸ್ಥಳದವರೆಗೆ ಅಂದರು. ವ್ಯಾಪಾರದವರೊಬ್ಬರು ಅರಸೀಕೆರೆ ಸಂತೆಯವರೆಗೆ ಅಂದರು. ಹೊಸದಾಗಿ ಟೀಚರ್ ಆಗಿದ್ದ ಮಿಸ್, ಮೂರು ಕಡೆ ಭಾರತದ ಸಮುದ್ರದ ದಡ, ಉತ್ತರಕ್ಕೆ ಹಿಮಾಲಯ, ಮೇಲಕ್ಕೆ ಅದೇ ಹಿಮಾಲಯದ ಎತ್ತರ, ಕೆಳಕ್ಕೆ ಕೋಲಾರದ ಚಿನ್ನದ ಗಣಿಯ ಆಳ ಅಂದರು. "ಟೀಚರಮ್ಮ ದೇಶಾನೇ ಬರೆಸಿಕೊಂಡ್ರು" ಅಂತ ಜನ ನಕ್ಕರಂತೆ.

ಇಷ್ಟೂ ನನಗೆ ತಿಳಿದದ್ದು ಎರಡು ಬೇಸಿಗೆ ಕಳೆದ ಮೇಲೆ. ಆ ಎರಡು ಬೇಸಿಗೆ ನಾವು ನಾರ್ವೆಗೆ ಹೊರಟಿದ್ದೆವು.

ಮಧ್ಯಾಹ್ನ ಬಾಡಿಗೆ ಇಲ್ಲದಾಗ ಅವರ ಮನೆಗೆ ಹೋಗುತ್ತಿದ್ದೆ. ಮನೆಯ ಮುಂಭಾಗದಲ್ಲಿ ಅವರ ತಮ್ಮನ ಹೆಂಡತಿಯ ಬಿಸ್ಕತ್ತು, ತಂಪು ಪಾನೀಯದ ಅಂಗಡಿ. ಅವರನ್ನು ನಾನು ಅಂಗಡಿ ಅಕ್ಕ ಅನ್ನುತ್ತಿದ್ದೆ. ಒಳಗೆ ನಡುಮನೆಯಲ್ಲಿ ನೆಲದ ಮೇಲೆ ನಕ್ಷೆ, ಅದರ ನಾಲ್ಕು ಮೂಲೆಗೆ ನಾಲ್ಕು ಲೋಟ. ಮಿಸ್ ಒದ್ದೆ ಮಾಡಿದ ದಾರವನ್ನು ದಡದ ಅಂಕುಡೊಂಕಿಗೆಲ್ಲ ಕೂರಿಸಿ, ಎತ್ತಿ, ನಕ್ಷೆಯ ಅಳತೆಪಟ್ಟಿಗೆ ಹಿಡಿದು ದಿನದಿನದ ದೂರ ಬರೆಯುತ್ತಿದ್ದರು. ಹದಿನೇಳು ದಿನ. ಯಾವ ದೋಣಿ ಎಷ್ಟು ಹೊತ್ತಿಗೆ, ಎಲ್ಲಿ ಬಿಸಿನೀರು ಸಿಗುತ್ತೆ, ಎಲ್ಲಿ ನಿಂತರೆ ಬೆಟ್ಟ ನೀರಲ್ಲಿ ತಲೆಕೆಳಗಾಗಿ ಕಾಣುತ್ತೆ, ಎಲ್ಲ.

ದೊಡ್ಡ ತೊಡಕು ಬಂದದ್ದು ಊಟದ್ದು. ನಾರ್ವೆಯ ಉತ್ತರ ಭಾಗದಲ್ಲಿ ಜೂನ್ ತಿಂಗಳಿಡೀ ಸೂರ್ಯ ಮುಳುಗುವುದೇ ಇಲ್ಲ.

"ಒಳ್ಳೇದೇ ಆಯ್ತಲ್ಲ ಮಿಸ್, ಇಪ್ಪತ್ನಾಲ್ಕು ಗಂಟೆನೂ ತಿನ್ನಬಹುದು" ಅಂದೆ.

"ಅದು ನಿನ್ನ ಧರ್ಮ ಕಣೋ. ಮುಳುಗದ ಸೂರ್ಯನನ್ನ ನೆಪ ಮಾಡಿಕೊಂಡು ತಿಂದರೆ ಅದಕ್ಕೇನು ಅರ್ಥ?"

ಅಂಗಡಿಯಿಂದ ಅಕ್ಕ ಕೂಗಿ ಕೇಳಿದರು. "ಸೂರ್ಯ ಮುಳುಗಾಕಿಲ್ವಾ? ಹಂಗಾದ್ರೆ ನನ್ನೂ ಕರ್ಕೊಂಡ್ ಹೋಗಿ ಅಕ್ಕಾ, ಒಂದೇ ದಿನಕ್ಕೆ ವರ್ಷದ ಹಪ್ಪಳ ಒಣಗಿಸ್ಕೊಂಡ್ ಬತ್ತೀನಿ."

ನಾಲ್ಕು ದಿನ ಯೋಚಿಸಿ ಮಿಸ್ ತೀರ್ಮಾನಕ್ಕೆ ಬಂದರು. ಕೈಗಡಿಯಾರ ಬಸ್ತಿಹಳ್ಳಿಯ ಗಂಟೆಯಲ್ಲೇ ಇರಬೇಕು. ಬಸ್ತಿಹಳ್ಳಿಯಲ್ಲಿ ಸೂರ್ಯ ಮುಳುಗಿದಾಗ ಅವರ ಸೂರ್ಯನೂ ಮುಳುಗಿದ ಹಾಗೆ. ಲೆಕ್ಕ ಹಾಕಿದರೆ ಅಲ್ಲಿನ ಮಧ್ಯಾಹ್ನ ಮೂರುಕಾಲಿಗೆ ಕೊನೆಯ ತುತ್ತು, ಅಲ್ಲಿನ ಬೆಳಗಿನ ಜಾವ ಎರಡೂವರೆಗೆ ನಾಷ್ಟ. ಆ ಹೊತ್ತಿಗೂ ಅಲ್ಲಿ ಹಗಲೇ ಇರುವುದರಿಂದ ಮೂರಕ್ಕೆ ಕಾರು ಹೊರಡುವುದು. "ರೋಡಲ್ಲಿ ಒಂದು ನರಪಿಳ್ಳೆ ಇರಲ್ಲ" ಅಂತ ಖುಷಿಪಟ್ಟರು.

ನನ್ನ ಕೆಲಸ ಎರಡು. ಒಂದು, ದಾರಿಯಲ್ಲಿ ಸಿಗುವವರೆಲ್ಲ ಆಗುವುದು. ದೋಣಿಯವನು, ಪೊಲೀಸು, ಹೋಟೆಲಿನ ಯಜಮಾನ.

"ಊಟ ರೆಡಿ ಅಮ್ಮ. ಮೀನು ಉಂಟು" ಅಂತ ಯಜಮಾನನಾಗಿ ಗಡ್ಡ ನೀವಿಕೊಳ್ಳುತ್ತಿದ್ದೆ.

"ಬೇಡಪ್ಪ."

"ಆಲೂಗಡ್ಡೆ?"

"ನೆಲದೊಳಗಿನದು ಬೇಡ."

"ಮತ್ತೇನು ತಿಂತೀರಮ್ಮ, ಗಾಳಿನಾ?"

"ಬಿಸಿನೀರು ಕೊಡಿ ಸಾಕು. ಅವಲಕ್ಕಿ ತಂದಿದ್ದೀವಿ. ನಿಮಗೂ ಕೊಡ್ತೀವಿ."

ಎರಡನೇ ಕೆಲಸ ಡ್ರೈವರಿನದು. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ನಾನು ಶ್ರದ್ಧಾವಂತ; ಬೆಳಿಗ್ಗೆ ಬೆಳಿಗ್ಗೆ ಖಾಲಿ ಇರುವ ಕೆರೆ ಏರಿಯ ಮೇಲೆ ಬಲಗಡೆ ಓಡಿಸಿ ಅಭ್ಯಾಸ ಮಾಡಿದೆ. ಒಂದು ದಿನ ಎದುರಿಗೆ ಎತ್ತಿನಗಾಡಿ ಬಂತು. ಗೌಡರು ಗಾಡಿ ನಿಲ್ಲಿಸಿ, "ಏನ್ಲಾ, ಬೆಳಿಗ್ಗೇನೇ ಹಾಕ್ಕೊಂಡಿದ್ದೀಯೇನ್ಲಾ?" ಅಂದರು.

"ಇಲ್ಲ ಗೌಡ್ರೇ, ನಾರ್ವೆಗೆ ಹೋಗ್ತಾ ಇದೀನಿ."

"ಎಲ್ಲಿಗಾದ್ರೂ ಹೋಗ್ಲಾ, ಎಡಗಡೆ ಹೋಗು."

ಎರಡನೇ ಬೇಸಿಗೆಯ ಕೊನೆಯಲ್ಲಿ ನನ್ನ ಪಾಸ್‌ಪೋರ್ಟ್ ಬಂತು. ಫೋಟೋದಲ್ಲಿ ಕುರಿ ಕಳೆದುಕೊಂಡವನ ಹಾಗೆ ಕಾಣುತ್ತೇನೆ. ಅದನ್ನೂ, ಮಿಸ್‌ಗೆ ಅಂತ ಒಂದು ಅರ್ಜಿಯ ಪ್ರಿಂಟನ್ನೂ ತಂದು ನಕ್ಷೆಯ ಮೇಲಿಟ್ಟೆ. ಅವರು ಅರ್ಜಿಯನ್ನು ಪೂರ್ತಿ ಓದಿದರು. ಆಮೇಲೆ ಗೆರೆಯ ವಿಷಯ ಹೇಳಿದರು.

ನಾನು ನನ್ನ ಪಾಸ್‌ಪೋರ್ಟ್ ಎತ್ತಿ ಜೇಬಿಗಿಟ್ಟುಕೊಂಡೆ. "ಹಾಗಾದ್ರೆ ಎರಡು ವರ್ಷ ಏನ್ ಮಾಡಿದ್ವಿ ಮಿಸ್?"

"ಪ್ಲಾನು."

"ಹೋಗದೆ ಇರೋದಕ್ಕಾ?"

"ನೀನು ಹೋಗೋದಕ್ಕೆ." ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು. "ಇಪ್ಪತ್ತೇಳು ವರ್ಷಕ್ಕೆ ಇಡೀ ದೇಶ ಅಂದ್ರೆ ಮುಗಿಯದೇ ಇರೋದು ಅನ್ನಿಸಿತ್ತು. ಭೂಗೋಳದ ಟೀಚರ್ ಮಾಡಬಾರದ ತಪ್ಪು ಕಣೋ ಅದು. ನಕ್ಷೆ ಬರೆದವಳೂ ನಾನೇ, ಚಿಕ್ಕದಾಗಿ ಬರೆದವಳೂ ನಾನೇ."

ಕೋಪ ಬಂತು ನನಗೆ. ವಕೀಲನ ದನಿ ತೆಗೆದು ವಾದ ಶುರುಮಾಡಿದೆ. ವ್ರತ ಕೊಟ್ಟ ಮುನಿಗಳು ಈಗಿಲ್ಲ. ಪಕ್ಕದಲ್ಲಿ ಕೂತಿದ್ದವರೂ ಇಲ್ಲ. ನೀವು ಅವತ್ತು ಏನಂದಿರಿ ಅಂತ ಯಾರಿಗೆ ನೆನಪಿದೆ?

"ನನಗಿದೆ. ಅಲ್ಲದೆ, ಗೆರೆ ಎಲ್ಲಿ ಅಂತ ಮರೆಯೋದನ್ನೂ ಆ ವ್ರತದಲ್ಲಿ ಒಂದು ತಪ್ಪು ಅಂತಲೇ ಎಣಿಸಿದ್ದಾರೆ."

"ಸುರಂಗ ಕೋಲಾರದ ಗಣಿಯಷ್ಟು ಆಳ ಇಲ್ಲ ಮಿಸ್."

"ವಿಮಾನ ಹಿಮಾಲಯಕ್ಕಿಂತ ಮೇಲೆ ಹಾರುತ್ತಲ್ಲೋ."

"ಪೈಲಟ್‌ಗೆ ಹೇಳ್ತೀನಿ, ಸ್ವಲ್ಪ ತಗ್ಗಿಸಿ ಓಡಿಸಿ ಸಾರ್, ಒಳಗೆ ನಮ್ಮ ಮಿಸ್ ಇದ್ದಾರೆ ಅಂತ."

ನಕ್ಕರು. ಆದರೆ ಅರ್ಜಿಯನ್ನು ವಾಪಸ್ ಕೊಡಲಿಲ್ಲ. ಒಂದು ವಾರದ ಮೇಲೆ ಅವರೇ ಫೋನ್ ಮಾಡಿ, "ಹಾಸನಕ್ಕೆ ಕರ್ಕೊಂಡು ಹೋಗ್ತೀಯೇನೋ, ಆ ಪಾಸ್‌ಪೋರ್ಟ್ ಆಫೀಸಿಗೆ" ಅಂದರು. ಪಾಸ್‌ಪೋರ್ಟ್ ಬಂತು. ಅದು ಬಂದ ದಿನದಿಂದ ನಕ್ಷೆ ಬಿಚ್ಚುವುದು ನಿಂತಿತು. ಅಂಗಡಿ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು.

"ಏನ್ ತಂದು ಹಾಕಿದ್ಯಪ್ಪ ಮನೆಗೆ? ಆ ಪುಸ್ತಕ ಬಂದಾಗ್ನಿಂದ ಅಕ್ಕ ಸರಿಯಾಗಿ ಉಂಡಿಲ್ಲ. ದಿನಕ್ಕೊಂದ್ ಸಲ ತೆಗೀತಾರೆ, ಖಾಲಿ ಹಾಳೆ ನೋಡ್ತಾರೆ, ಒಳಗಿಡ್ತಾರೆ. ಹೋಗೋ ಆಸೆ ಐತೆ, ಹೋದ್ರೆ ಅವ್ರಲ್ಲಿ ಏನೂ ಉಳಿಯಾಕಿಲ್ಲ. ನಿನ್ನ ಕೋತಿ ಆಟಕ್ಕೆ ಅವ್ರ ಮಾತು ಮುರಿಸಬೇಡ."

ಅದುವರೆಗೆ ನಾನು ಅದನ್ನು ಆಟ ಅಂತಲೇ ಅಂದುಕೊಂಡಿದ್ದೆ. ಅರವತ್ತೆರಡು ವರ್ಷದ ಹೆಂಗಸು ಮೂವತ್ತೈದು ವರ್ಷ ಕಾಪಾಡಿಕೊಂಡು ಬಂದ ಒಂದು ಮಾತಿನ ಬುಡವನ್ನು ನಾನು ನಗಾಡುತ್ತಾ ಅಲ್ಲಾಡಿಸಿದ್ದೆ.

ಅದೇ ತಿಂಗಳು ಶ್ರವಣಬೆಳಗೊಳಕ್ಕೆ ಮುನಿಗಳು ಬಂದಿದ್ದಾರೆ ಅಂತ ಸುದ್ದಿ ಬಂತು. "ನಡಿ, ಕೇಳಿಬಿಡೋಣ" ಅಂದರು ಮಿಸ್. "ಬಿಡಿಸಿಕೊಳ್ಳೋಕೆ ದಾರಿ ಇದೆಯಾ ಅಂತ. ಇಲ್ಲ ಅಂದ್ರೆ ಇಲ್ಲ." ದಾರಿಯುದ್ದಕ್ಕೂ ಪ್ರಶ್ನೆಯನ್ನು ಬಾಯೊಳಗೇ ಜೋಡಿಸುತ್ತಿದ್ದರು. ಚನ್ನರಾಯಪಟ್ಟಣದ ಹತ್ತಿರ ನಾನು ಹಗುರಾಗಲಿ ಅಂತ ಮುನಿಗಳು ಹೇಗೆ ಉತ್ತರ ಕೊಡಬಹುದು ಅಂತ ದನಿ ತೆಗೆಯಹೋದೆ. "ಇವತ್ತು ಬೇಡ" ಅಂದರು. ಅಷ್ಟೇ.

ಒಳಗೆ ಹೋದವರು ಒಂದು ಗಂಟೆಯ ಮೇಲೆ ಬಂದರು. ಕಾರಲ್ಲಿ ಕೂತು ಬಾಗಿಲು ಹಾಕಿಕೊಂಡರು.

"ಏನಂದ್ರು ಮಿಸ್?"

"ಕೇಳಲಿಲ್ಲ."

ನಾನು ಕಾರು ಸ್ಟಾರ್ಟ್ ಮಾಡಲಿಲ್ಲ. ಅವರೇ ಹೇಳಿದರು. ಸಾಲಿನಲ್ಲಿ ಅವರ ಮುಂದೆ ಒಬ್ಬಳು ಹುಡುಗಿ ಕೂತಿದ್ದಳಂತೆ, ಅವರದೇ ಹಳೇ ವಿದ್ಯಾರ್ಥಿನಿ, ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳು ತಗೊಳ್ಳಲು ಬಂದಿದ್ದೂ ದಿಗ್ವ್ರತವೇ. ಮುನಿಗಳು "ಎಲ್ಲಿಯವರೆಗಮ್ಮ?" ಅಂದಾಗ ಅವಳು ಗಲಿಬಿಲಿಯಾಗಿ ಹಿಂದೆ ತಿರುಗಿ, "ಮಿಸ್, ಎಲ್ಲಿಯವರೆಗೆ ಅಂತ ಹೇಳಲಿ?" ಅಂದಳಂತೆ, ಕ್ಲಾಸಿನಲ್ಲಿ ಕೇಳುವ ಹಾಗೆ.

"ನೀವೇನಂದ್ರಿ?"

"ನಿನಗೆ ಸಾಕು ಅನ್ನಿಸೋದಕ್ಕಿಂತ ದೊಡ್ಡದಾಗಿ ಹಾಕ್ಕೋ, ಆಮೇಲೆ ಅಳಿಸೋ ಹಾಗಿಲ್ಲ ಅಂದೆ." ಕನ್ನಡಕ ತೆಗೆದು ಸೆರಗಲ್ಲಿ ಒರೆಸಿಕೊಂಡರು. "ಅಳಿಸೋ ಹಾಗಿಲ್ಲ ಅಂತ ಆ ಮಗುವಿಗೆ ಹೇಳಿ, ಅವಳ ಹಿಂದೆಯೇ ಕೂತು, ನಂದನ್ನ ಅಳಿಸಿಕೊಡಿ ಅಂತ ಹೇಗೆ ಕೇಳಲೋ? ನಮಸ್ಕಾರ ಮಾಡಿ ಎದ್ದು ಬಂದೆ."

ಆಮೇಲೆ ತಡೆಯಲಾರದೆ ಕೇಳಿದೆ. "ಆ ಹುಡುಗಿ ಎಷ್ಟು ಹಾಕ್ಕೊಂಡಳು ಮಿಸ್?"

"ಅಡ್ಡಕ್ಕೆ ಭೂಮಿ ಪೂರ್ತಿ. ಮೇಲಕ್ಕೆ ಚಂದ್ರನವರೆಗೆ."

"ಮುನಿಗಳು?"

"ನಕ್ಕರು. 'ಅದರಾಚೆಗೆ ಮಾತ್ರ ಹೋಗಬೇಡಮ್ಮ' ಅಂದ್ರು."

ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅವರ ಕಣ್ಣಲ್ಲಿ ನೀರು ಬಂತು. ನಗುವಿನದೇ ಇರಬೇಕು ಅಂತ ನಾನು ತಲೆ ಆಚೆ ತಿರುಗಿಸಿದೆ.

ಆ ದಿನದಿಂದ ಅವರ ಊಟ ಸರಿಹೋಯಿತು ಅಂತ ಅಂಗಡಿ ಅಕ್ಕ ಹೇಳಿದರು. ಆದರೆ ಮಿಸ್ ಮುಂದೆ ಬಹಳ ದಿನ ಉಳಿಯಲಿಲ್ಲ. ಮರುವರ್ಷದ ಬೇಸಿಗೆ ಕಳೆದು ಬಂದ ಮಾಘದಲ್ಲಿ, ಬೆಳಿಗ್ಗೆ ಬಸದಿಗೆ ಹೋಗಿ ಬಂದವರು ಎದೆ ಹಿಡಿದಂತಾಗುತ್ತೆ ಅಂದರಂತೆ. ನಾನು ಆಗ ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದೆ. ಬರುವಷ್ಟರಲ್ಲಿ ಮುಗಿದಿತ್ತು. ಬಸ್ತಿಹಳ್ಳಿಯ ಆ ಚಿಕ್ಕ ಬೀದಿಯಲ್ಲಿ ನನ್ನ ಅಪ್ಪನ ವಯಸ್ಸಿನ ಹಳೇ ವಿದ್ಯಾರ್ಥಿಗಳಿಂದ ಹಿಡಿದು ಯೂನಿಫಾರ್ಮ್ ಹಾಕಿದವರವರೆಗೆ ನಿಂತಿದ್ದರು. ಎಲ್ಲರೂ ಹೆಚ್ಚುಕಡಿಮೆ ನೆಲ ನೋಡುತ್ತಿದ್ದರು.

ನಾನು ಅವರಿಗೆ ಏನೇನು ಋಣಿ ಅಂತ ಕೇಳಿದರೆ, ಹೇಳಲು ಬರುವುದು ಒಂದೇ. ಹೈಸ್ಕೂಲಿನಲ್ಲಿ ಒಮ್ಮೆ ನಮ್ಮ ಜವಾನನ ತೊದಲು ಮಾತನ್ನು ಆಡಿ ತೋರಿಸಿ ಚಪ್ಪಾಳೆ ಹೊಡೆಸಿಕೊಂಡಿದ್ದೆ. ಮಿಸ್ ನನ್ನನ್ನು ಸ್ಟಾಫ್ ರೂಮಿಗೆ ಕರೆದು, "ಯಾರ ದನಿ ಬೇಕಾದ್ರೂ ತಗೋ. ಯಾರ ಕೊರತೆನೂ ತಗೋಬೇಡ. ಅಲ್ಲೊಂದು ಗೆರೆ ಹಾಕ್ಕೋ, ಜನ ಎಷ್ಟೇ ನಗಲಿ ದಾಟಬೇಡ" ಅಂದಿದ್ದರು. ಆ ಕಾಲದಲ್ಲಿ ಅದು ಬರೀ ಬೈಗುಳ ಅನ್ನಿಸಿತ್ತು. ಈಗ ಸ್ಟೇಜಿನ ಮೇಲೆ, ಜನ "ಅದು ಮಾಡು, ಅವನದು ಮಾಡು" ಅಂತ ಕೂಗುವಾಗ, ಕಾಲು ತಾನಾಗೇ ನಿಂತುಬಿಡುತ್ತದೆ. ಸಂಭಾವನೆ ಸ್ವಲ್ಪ ಕಮ್ಮಿ ಸಿಗುತ್ತದೆ. ನಿದ್ದೆ ಚೆನ್ನಾಗಿ ಬರುತ್ತದೆ.

ನಾರ್ವೆಗೆ ನಾನಿನ್ನೂ ಹೋಗಿಲ್ಲ. ಹೋಗುತ್ತೇನೆ. ನನಗಾವ ಗೆರೆಯೂ ಇಲ್ಲ, ಸೋಮಾರಿತನ ಒಂದನ್ನು ಬಿಟ್ಟು.

ಆದರೆ ಮಿಸ್ ಅಂದರೆ ನನಗೆ ಆ ಮಾಘದ ಬೆಳಿಗ್ಗೆ ನೆನಪಾಗುವುದಿಲ್ಲ. ನೆನಪಾಗುವುದು ಬೆಳಗೊಳಕ್ಕೆ ಹೋಗಿ ಬಂದ ಮೇಲಿನ ಬೇಸಿಗೆ.

"ನಾನು ಸಮುದ್ರ ಎರಡು ಸಲ ನೋಡಿದೀನಿ ಕಣೋ, ಎರಡೂ ಸಲ ಶಾಲೆ ಪ್ರವಾಸ" ಅಂದರು ಒಂದು ದಿನ. "ಐವತ್ತು ಮಕ್ಕಳ ತಲೆ ಎಣಿಸೋದರಲ್ಲಿ ನೀರು ಕಾಣಲೇ ಇಲ್ಲ. ನನ್ನ ಗೆರೆಯೊಳಗೇ ಇಷ್ಟುದ್ದ ದಡ ಇದೆ. ಅದನ್ನೇ ಸರಿಯಾಗಿ ನೋಡಿಲ್ಲ. ಹುಣ್ಣಿಮೆಯ ಮಾರನೇ ದಿನ ಹೋಗೋಣ." ಹುಣ್ಣಿಮೆ ಅಂದದ್ದಕ್ಕೆ ಏನೋ ಪೂಜೆಯ ಲೆಕ್ಕ ಅಂದುಕೊಂಡೆ.

ಮೂರು ಗಂಟೆಗೆ ಹೊರಟೆವು, ನಾರ್ವೆಯ ಟೈಮ್‌ಟೇಬಲ್ಲಿನಂತೆ. ಬೇಲೂರು, ಮೂಡಿಗೆರೆ, ಚಾರ್ಮಾಡಿ ಘಾಟಿ. ಸೂರ್ಯ ಹುಟ್ಟಿದ ಮೇಲೆ ಘಾಟಿಯ ತಿರುವಿನಲ್ಲಿ ನಿಂತು ಅವಲಕ್ಕಿ. ಉಡುಪಿ, ಕುಂದಾಪುರ ದಾಟಿದ ಮೇಲೆ ಒಂದಿಷ್ಟು ದೂರ ಹೆದ್ದಾರಿ ಸಮುದ್ರಕ್ಕೆ ಅಂಟಿಕೊಂಡೇ ಓಡುತ್ತದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಮಿಸ್ ಮುಂದಿನ ಸೀಟಿನಲ್ಲಿ ಗಾಜು ಇಳಿಸಿಕೊಂಡು ಕೂತಿದ್ದರು. ಆ ತುಂಡು ರಸ್ತೆಯನ್ನು ಹೋಗಿ, ತಿರುಗಿಸಿ, ಬಂದು, ಮತ್ತೆ ಹೋಗಿ, ನಾಲ್ಕು ಸಲ ಓಡಿಸಿದೆ. ಪ್ರತಿ ಸಲವೂ "ಇನ್ನೊಂದು ಸಲ" ಅಂದರು. ತಲೆ ಎತ್ತಿಯೇ ಕೂತಿದ್ದರು.

ಆಮೇಲೆ ಜನ ಇಲ್ಲದ ಕಡೆ ಇಳಿದೆವು. ಹನ್ನೊಂದೂವರೆಯ ಬಿಸಿಲು, ಮರಳು ಬಾಣಲೆ. ನಾನು ಒಂದೊಂದೇ ಕಾಲೆತ್ತಿ ಕುಣಿಯುತ್ತಿದ್ದರೆ ಅವರು ಕೊಡೆ ಹಿಡಿದು, ಏಡಿಯ ತೂತುಗಳನ್ನು ತಪ್ಪಿಸಿಕೊಂಡು ನಡೆದು, ಒಂದು ಜಾಗದಲ್ಲಿ ನಿಂತರು. ಅಲ್ಲಿ ಒಣಗಿದ ಪಾಚಿ, ಚಿಪ್ಪು, ಯಾರದೋ ಒಂಟಿ ಚಪ್ಪಲಿ ಉದ್ದಕ್ಕೂ ಸಾಲುಗಟ್ಟಿದ್ದವು, ಹಿಂದಿನ ದಿನದ ಅಲೆ ಬಿಟ್ಟುಹೋದದ್ದು. ಅದರ ಇತ್ತ ಕಡೆ ನಿಂತರು.

"ನೀರು ಇನ್ನೂ ಇಪ್ಪತ್ತು ಹೆಜ್ಜೆ ಇದೆ ಮಿಸ್."

"ನಾನು ಹೇಳಿದ್ದು ಸಮುದ್ರದ ದಡ ಅಂತ. ದಡ ಎಲ್ಲಿಗೆ ಮುಗಿಯುತ್ತೆ? ಇಳಿತದ ನೀರಿಗಾ, ಉಬ್ಬರದ ನೀರಿಗಾ? ಅನುಮಾನ ಇದ್ದಲ್ಲಿ ಒಳಗೇ ನಿಲ್ಲಬೇಕು."

"ಹಾಗಾದ್ರೆ ಇಷ್ಟು ದೂರ ಬಂದು ಕಾಲೂ ನೆನೆಸಲ್ವಾ?"

ಅವರು ಗಡಿಯಾರ ನೋಡಿಕೊಂಡರು. ಆಗ ನನಗೆ ಹೊಳೆಯಿತು. ಹುಣ್ಣಿಮೆಯ ಮಗ್ಗುಲಲ್ಲಿ ಉಬ್ಬರ ಎಲ್ಲಕ್ಕಿಂತ ದೊಡ್ಡದು, ಮಾರನೇ ದಿನ ಇನ್ನೂ ಒಂದು ಗೇಣು ಮೇಲೆ. ಅವರದು ಪೂಜೆಯ ಲೆಕ್ಕವಾಗಿರಲಿಲ್ಲ, ಪಾಠದ ಲೆಕ್ಕವಾಗಿತ್ತು.

ಮುಕ್ಕಾಲು ಗಂಟೆ ನಿಂತೆವು. ಇಪ್ಪತ್ತು ಹೆಜ್ಜೆ ಹತ್ತಾಯಿತು, ಹತ್ತು ಐದಾಯಿತು. ಒಂದು ಅಲೆ ಪಾಚಿಯ ಸಾಲನ್ನು ಮುಟ್ಟಿ ಹಿಂದಕ್ಕೆ ಹೋಯಿತು. ಅದರ ಹಿಂದಿನದು ದೊಡ್ಡದಿತ್ತು. ಸಾಲನ್ನು ದಾಟಿ, ಚಪ್ಪಲಿಯನ್ನು ತೇಲಿಸಿ, ನೊರೆ ಬಿಚ್ಚುತ್ತಾ ಬಂದು ಅವರ ಎರಡೂ ಪಾದ ಮುಚ್ಚಿ, ಸೀರೆಯ ಅಂಚು ನೆನೆಸಿತು. ಅವರು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಸರಿಯಲಿಲ್ಲ.

"ನಾನು ದಾಟಲಿಲ್ಲ ಕಣೋ" ಅಂದರು. "ಅದೇ ಬಂತು."

ಕೊಡೆಯನ್ನು ನನ್ನ ಕೈಗೆ ಕೊಟ್ಟು, ಮುಂದಿನ ಅಲೆಗೆ ಅಲ್ಲೇ ನಿಂತರು.